ಬೂದಿ ಮುಚ್ಚಿದ ಕೆಂಡ: ಹಳೆಯ ಕಾಮಾಲೆ ಮರಳಿ ತಲೆಯೆತ್ತುವ ಬಗೆ

“ಹಿಂದೆ ಎಂದಾದರೂ ಕಾಮಾಲೆ ಆಗಿತ್ತೇ?” ಎಂದು ದವಾಖಾನೆಯಲ್ಲಿ ಕೇಳಿದರೆ ನಮ್ಮಲ್ಲಿ ಅನೇಕರು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: “ಸಣ್ಣವ ಇದ್ದಾಗ ಕಾಮಣಿ ಆಗಿತ್ರಿ, ಊರಾಗ ಔಷಧ ಕುಡಿಸಿದ್ರು, ಅವಾಗ ಹೋತ್ರಿ.” ಕೇಳಿದವರು ಬರೆದುಕೊಂಡರೆ ಬರೆದುಕೊಂಡರು, ಇಲ್ಲವಾದರೆ ಇಲ್ಲ. ಇನ್ನು ಕೆಲವರು ಇಷ್ಟನ್ನೂ ಹೇಳುವುದಿಲ್ಲ. ಇಪ್ಪತ್ತು ಮೂವತ್ತು ವರುಷಗಳ ಹಿಂದಿನ ಮಾತನ್ನು ಈಗೇಕೆ ಕೆದಕಬೇಕು, ಎಲ್ಲಿ ನೌಕರಿಗೆ ತೊಂದರೆಯಾದೀತೋ ಎಂದು ಸುಮ್ಮನಾಗುತ್ತಾರೆ. ಈ ‘ಹೋಯಿತು’ ಎಂಬ ಒಂದು ಮಾತನ್ನು ಈ ಸಲದ ಪಾಠದಲ್ಲಿ ಒರೆಗೆ ಹಚ್ಚಿ ನೋಡಬೇಕೆಂದಿದ್ದೇವೆ. ಕಣ್ಣಿನ ಹಳದಿ ಹೋಗುವುದು ಬೇರೆ. ಆ ಹಳದಿಯನ್ನು ತಂದ ರೋಗಾಣು ಮೈಬಿಟ್ಟು ಹೋಗುವುದು ಬೇರೆ. ಇವೆರಡೂ ಒಂದೇ ಎಂದು ತಿಳಿದದ್ದರಿಂದ, ಬೇರೊಂದು ರೋಗಕ್ಕೆ ಒಳ್ಳೆಯ ಚಿಕಿತ್ಸೆ ಪಡೆದು ಗುಣಮುಖರಾಗುತ್ತಿದ್ದವರು ಆ ರೋಗದಿಂದಲ್ಲ, ಮರೆತುಹೋಗಿದ್ದ ಹಳೆಯ ಕಾಮಾಲೆಯಿಂದ ಪ್ರಾಣಬಿಟ್ಟದ್ದುಂಟು. ಎರಡು ರಕ್ತಪರೀಕ್ಷೆ, ದಿನಕ್ಕೊಂದು ಮಾತ್ರೆ ಇವುಗಳಿಂದ ಬಹುಮಟ್ಟಿಗೆ ತಪ್ಪಿಸಬಹುದಾದ ಸಾವು ಅದು. ಆದ್ದರಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕಾಮಾಲೆ ಒಂದೇ ರೋಗವಲ್ಲ

ಯಕೃತ್ತು ಎಂದರೆ ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ, ಬೆಳೆದ ಮನುಷ್ಯನಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಮಾಂಸದಂಗಡಿಯಲ್ಲಿ ಕಲೇಜಿ ಎಂದು ಕೊಡುತ್ತಾರಲ್ಲ, ಅದೇ. ನಮ್ಮ ರಕ್ತದಲ್ಲಿನ ಕೆಂಪು ಕಣಗಳು ಹಳತಾಗಿ ಒಡೆದಾಗ ಒಂದು ಹಳದಿ ಬಣ್ಣ ಹುಟ್ಟುತ್ತದೆ. ಅದನ್ನು ಸೋಸಿ ಪಿತ್ತದೊಡನೆ ಕರುಳಿಗೆ ಸಾಗಿಸುವುದು ಯಕೃತ್ತಿನ ನೂರು ಕೆಲಸಗಳಲ್ಲಿ ಒಂದು. ಯಕೃತ್ತು ಸೋತಾಗ ಆ ಬಣ್ಣ ರಕ್ತದಲ್ಲೇ ಉಳಿದು, ಮೊದಲು ಕಣ್ಣಿನಲ್ಲಿ, ಮೂತ್ರದಲ್ಲಿ, ಆಮೇಲೆ ಚರ್ಮದಲ್ಲಿ ತೋರಿಕೊಳ್ಳುತ್ತದೆ. ಅಂದಮೇಲೆ ಕಾಮಾಲೆಯೆಂಬುದು ರೋಗದ ಹೆಸರಲ್ಲ, ಗುರುತು. ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯಬಹುದು. ಯಾವ ಕಟ್ಟಿಗೆ ಉರಿಯುತ್ತಿದೆ ಎಂಬುದನ್ನು ಹೊಗೆ ಹೇಳುವುದಿಲ್ಲ.

ಯಕೃತ್ತಿನ ಉರಿಯೂತವನ್ನು ತರುವ ಮುಖ್ಯ ವೈರಸ್‌ಗಳು ಐದು. ಅವನ್ನು ಹೆಪಟೈಟಿಸ್ ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳಿಂದ ಕರೆಯುತ್ತಾರೆ. ಇವುಗಳಲ್ಲಿ ಎ ಮತ್ತು ಇ ಹೊಲಸು ಬೆರೆತ ನೀರಿನಿಂದಲೂ ಆಹಾರದಿಂದಲೂ ಬರುವಂಥವು. 1955ರ ಕೊನೆಯಲ್ಲಿ ದಿಲ್ಲಿಯಲ್ಲಿ ಚರಂಡಿಯ ನೀರು ಯಮುನೆಯ ಕುಡಿಯುವ ನೀರಿನ ಕೇಂದ್ರಕ್ಕೆ ಹಿಮ್ಮೆಟ್ಟಿ ನುಗ್ಗಿ, 1956ರ ಆರಂಭದ ಹೊತ್ತಿಗೆ ಸುಮಾರು 29,000 ಮಂದಿಗೆ ಕಾಮಾಲೆ ತಗುಲಿತು. ಅದು ‘ಇ’ ಬಗೆಯದೆಂದು ಬಹಳ ವರುಷಗಳ ಮೇಲೆ ಗೊತ್ತಾಯಿತು. ಈ ಎರಡು ಬಗೆಗಳು ಬಂದಂತೆ ಹೋಗುತ್ತವೆ. ಗರ್ಭಿಣಿಯರಿಗೆ ‘ಇ’ ಅಪಾಯಕಾರಿಯೆಂಬುದು ನಿಜವಾದರೂ, ಹೆಚ್ಚಿನವರ ಮೈಯಲ್ಲಿ ಇವು ಬಿಡಾರ ಹೂಡುವುದಿಲ್ಲ. ಊರಿನ ಔಷಧಕ್ಕೆ ಒಳ್ಳೆಯ ಹೆಸರು ಬಂದಿರುವುದೂ ಬಹುಮಟ್ಟಿಗೆ ಇವುಗಳಿಂದಲೇ. ತಾನಾಗಿಯೇ ಇಳಿಯುವ ರೋಗಕ್ಕೆ ಯಾವ ಸೊಪ್ಪಿನ ರಸ ಕುಡಿಸಿದರೂ, ತೋಳಿಗೆ ಬರೆ ಎಳೆದರೂ ಮೂರು ನಾಲ್ಕು ವಾರಗಳಲ್ಲಿ ಇಳಿದೇ ಇಳಿಯುತ್ತದೆ. ಯಶಸ್ಸು ಮಾತ್ರ ಔಷಧ ಕೊಟ್ಟವನಿಗೆ!

‘ಬಿ’ಯ ಸ್ವಭಾವ ಬೇರೆ. ಅದು ರಕ್ತದಿಂದ ರಕ್ತಕ್ಕೆ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ, ಗಂಡುಹೆಣ್ಣಿನ ಸಂಗದಿಂದ, ಶುದ್ಧಮಾಡದ ಸೂಜಿಯಿಂದ ಹರಡುತ್ತದೆ. ಬೆಳೆದವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಅದನ್ನು ಹತ್ತಿಕ್ಕುತ್ತಾರೆ. ಹುಟ್ಟುವಾಗಲೇ ತಗುಲಿದ ಕೂಸುಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ನೂರಕ್ಕೆ ತೊಂಬತ್ತರಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ವಿಚಿತ್ರವೆಂದರೆ ಹೀಗೆ ಉಳಿಯುವ ಕೂಸಿನ ಕಣ್ಣು ಹಳದಿಯಾಗುವುದೇ ಅಪರೂಪ. ಆದಕಾರಣ “ನನಗೆ ಎಂದೂ ಕಾಮಾಲೆ ಆಗಿಲ್ಲ” ಎಂಬ ಮಾತೂ ಖಾತರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಮಂದಿ ಈ ವೈರಸನ್ನು ಹೊತ್ತು ಬದುಕುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಆ ಸಂಗತಿಯೇ ತಿಳಿಯದು.

ನೆರೆಯ ಪುಣೆಯ ಒಂದು ಸಂಸ್ಥೆಯನ್ನು ಇಲ್ಲಿ ನೆನೆಯಬೇಕು. 1952ರಲ್ಲಿ ಅಲ್ಲಿ ವೈರಸ್ ಸಂಶೋಧನಾ ಕೇಂದ್ರವೆಂಬುದು ಸ್ಥಾಪನೆಯಾಯಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು ಜನರು ಜ್ವರದಿಂದ ನರಳಿದಾಗ ಹೋಗಿ ವೈರಸನ್ನು ಪತ್ತೆಮಾಡಿದವರು ಈ ಕೇಂದ್ರದವರೇ. ಹಾಗಾಗಿ ಕನ್ನಡಿಗರಿಗೂ ಅದಕ್ಕೂ ಹಳೆಯ ಸಂಬಂಧ. 1978ರಿಂದ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ. 2009ರಲ್ಲಿ ಗುಜರಾತಿನ ಮೋಡಾಸಾ ಪಟ್ಟಣದ ಸುತ್ತ ಹೆಪಟೈಟಿಸ್ ಬಿ ಹಬ್ಬಿ ಬಹುಮಂದಿ ಸತ್ತಾಗ, ಸರಿಯಾಗಿ ಶುದ್ಧಮಾಡದ ಸಿರಿಂಜುಗಳೇ ಅದರ ದಾರಿಯೆಂದೂ, ಅಲ್ಲಿ ಹರಡಿದ ವೈರಸ್‌ನಲ್ಲಿ ರೋಗವನ್ನು ಉಗ್ರಗೊಳಿಸುವ ಮಾರ್ಪಾಡುಗಳಿದ್ದುವೆಂದೂ ತೋರಿಸಿದ ಅಭ್ಯಾಸ ಇಲ್ಲಿಯದೇ. ಒಂದು ಸೂಜಿ ಎಷ್ಟು ಮನೆಗಳನ್ನು ಹಾಳುಮಾಡಬಲ್ಲುದೆಂಬುದಕ್ಕೆ ಮೋಡಾಸಾಕ್ಕಿಂತ ಬೇರೆ ಸಾಕ್ಷಿ ಬೇಡ.

ಅದು ಎಲ್ಲಿ ಅಡಗಿರುತ್ತದೆ?

ಹೆಪಟೈಟಿಸ್ ಬಿ ವೈರಸ್‌ನ ಸುಳಿವು ಹಿಡಿದವರು ಅಮೆರಿಕದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ. ಆಸ್ಟ್ರೇಲಿಯದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಕಂಡ ಅಪರಿಚಿತ ಪದಾರ್ಥವೊಂದನ್ನು ಅವರು 1965ರಲ್ಲಿ ಪ್ರಕಟಿಸಿದರು. ಅದು ಈ ವೈರಸ್‌ನ ಹೊರ ಅಂಗಿಯ ಚೂರೆಂದು ಆಮೇಲೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಅವರ ಹುಟ್ಟಿದ ದಿನವಾದ ಜುಲೈ 28ನ್ನು ಈಗ ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ.

ಈ ವೈರಸ್ ಯಕೃತ್ತಿನ ಜೀವಕೋಶವನ್ನು ಹೊಕ್ಕು ಅದರ ನಡುಮನೆಗೇ, ಎಂದರೆ ಕೋಶಕೇಂದ್ರಕ್ಕೇ ಹೋಗುತ್ತದೆ. ಅಲ್ಲಿ ತನ್ನ ಅಂಶಸೂತ್ರವನ್ನು ಉಂಗುರದಂತೆ ಸುತ್ತಿ, ಬಿಗಿಮಾಡಿ ಇಟ್ಟುಬಿಡುತ್ತದೆ. ಪ್ರೆಸ್ ಶಾಪಿನಲ್ಲಿ ಕೆಲಸಮಾಡುವ ಬಂಧುಗಳಿಗೆ ಇದನ್ನು ತಿಳಿಸುವುದು ಸುಲಭ. ಆ ಉಂಗುರವೆಂದರೆ ಡೈ. ಪ್ರೆಸ್ ನಡೆಯುತ್ತಿದ್ದರೆ ಆ ಡೈಯಿಂದ ದಿನವೂ ಸಾವಿರಾರು ಬಿಲ್ಲೆಗಳು ಬೀಳುತ್ತವೆ. ಅವೇ ಹೊಸ ವೈರಸ್‌ಗಳು. ಪ್ರೆಸ್ ನಿಂತರೆ ಬಿಲ್ಲೆಗಳಿಲ್ಲ, ರಕ್ತದಲ್ಲಿ ವೈರಸ್ ಕಾಣದು, ಯಕೃತ್ತಿನ ಪರೀಕ್ಷೆ ಸರಿಯಾಗಿರುತ್ತದೆ, ಮನುಷ್ಯ ಆರೋಗ್ಯವಾಗಿ ದುಡಿಯುತ್ತಾನೆ. ಆದರೆ ಡೈ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ. ರ‍್ಯಾಕಿನಲ್ಲಿದೆ. ರೋಗವನ್ನು ಗೆದ್ದರೆಂದು ಡಾಕ್ಟರರೇ ಹೇಳಿದ ಆ ತೊಂಬತ್ತೈದು ಮಂದಿಯ ಯಕೃತ್ತಿನಲ್ಲಿಯೂ ಅಲ್ಲೊಂದು ಇಲ್ಲೊಂದು ಡೈ ಉಳಿದಿರಬಲ್ಲುದು. ಈಗ ನಮ್ಮಲ್ಲಿರುವ ಮಾತ್ರೆಗಳೂ ಪ್ರೆಸ್ಸನ್ನು ನಿಲ್ಲಿಸಬಲ್ಲವೇ ಹೊರತು ಡೈಯನ್ನು ಕರಗಿಸಲಾರವು.

ರೋಗಾಣು ಹೀಗೆ ಮಲಗಿರುವುದು ನಮಗೆ ಹೊಸತಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬು ಎದ್ದವರಿಗೆ ಐವತ್ತು ಅರವತ್ತರ ಮೇಲೆ ಸೊಂಟದ ಸುತ್ತ ಸರ್ಪಸುತ್ತು ಬರುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಹೊಸ ರೋಗವಲ್ಲ. ಸಿಡುಬಿನ ವೈರಸ್ಸೇ ನರಗಳ ಬುಡದಲ್ಲಿ ಅಷ್ಟುಕಾಲ ಮಲಗಿದ್ದು ಎದ್ದುಬರುವುದು. ಹೆಪಟೈಟಿಸ್ ಬಿಯೂ ಅದೇ ಜಾಯಮಾನದ್ದು. ಸರ್ಪಸುತ್ತು ಚರ್ಮವನ್ನು ಸುಡುತ್ತದೆ, ಇದು ಯಕೃತ್ತನ್ನು.

ಪೆನಿಸಿಲಿನ್ ಇಲ್ಲಿ ಉಪಯೋಗಕ್ಕೆ ಬಾರದೇ ಎಂದು ಕೆಲವರು ಕೇಳಬಹುದು. 1954ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಪಿಂಪ್ರಿಯ ಹೆಸರನ್ನೇ ಆ ಔಷಧದೊಡನೆ ಸೇರಿಸಿದೆ; ಆದ್ದರಿಂದ ಪ್ರಶ್ನೆ ಸಹಜ. ಪೆನಿಸಿಲಿನ್ ಬ್ಯಾಕ್ಟೀರಿಯಗಳ ಹೊರಗೋಡೆಯನ್ನು ಕೆಡಿಸಿ ಕೊಲ್ಲುತ್ತದೆ. ವೈರಸ್‌ಗೆ ಅಂಥ ಗೋಡೆಯೇ ಇಲ್ಲ, ಅದು ನಮ್ಮ ಮನೆಯಲ್ಲೇ ಬಾಡಿಗೆಗಿರುತ್ತದೆ. ಆ್ಯಂಟಿಬಯಾಟಿಕ್ ಅದರ ಕೂದಲನ್ನೂ ಕೊಂಕಿಸಲಾರದು.

ಕಾವಲುಗಾರನ ನಿದ್ರೆ ಮತ್ತು ಎಚ್ಚರ

ಮಲಗಿದ್ದನ್ನು ಎಬ್ಬಿಸುವುದು ಯಾವುದು? ಇದಕ್ಕೆ ಉತ್ತರ ಹೇಳುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಈ ವೈರಸ್ ತಾನೇ ಯಕೃತ್ತನ್ನು ಅಷ್ಟಾಗಿ ಕೆಡಿಸುವುದಿಲ್ಲ. ಅದು ಹೊಕ್ಕ ಜೀವಕೋಶಗಳನ್ನು ಗುರುತಿಸಿ ಕೊಲ್ಲುವುದು ನಮ್ಮದೇ ರೋಗನಿರೋಧಕ ಪಡೆ. ಕಳ್ಳನನ್ನು ಹಿಡಿಯಲು ಮನೆಗೇ ಬೆಂಕಿಯಿಡುವ ಕಾವಲುಗಾರ ಇವನು. ಕಳ್ಳರು ಒಬ್ಬಿಬ್ಬರಿದ್ದರೆ ಸುಡುವುದು ಒಂದೆರಡು ಕೋಣೆ, ಹಾನಿ ಸ್ವಲ್ಪ. ಸಾವಿರಾರು ಮನೆಗಳಲ್ಲಿ ಕಳ್ಳರು ತುಂಬಿದ ಮೇಲೆ ಕಾವಲುಗಾರ ಎಚ್ಚೆತ್ತರೆ ಕೇರಿಯೇ ಉರಿಯುತ್ತದೆ.

ಈಗ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳೋಣ. ಇಂಡಿ ತಾಲೂಕಿನವನು, ವಯಸ್ಸು ನಲವತ್ತಾರು, ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾನೆ. ಕುತ್ತಿಗೆಯಲ್ಲಿ ಗಂಟುಗಳೆದ್ದವು, ತಪಾಸಣೆಯಾಗಿ ಲಿಂಫೋಮಾ, ಎಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಎಂದು ಗೊತ್ತಾಯಿತು. ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಆರು ಸಲ ಕೀಮೋ ಔಷಧಗಳನ್ನು ಕೊಟ್ಟರು. ಅದರಲ್ಲಿ ರಿಟಕ್ಸಿಮ್ಯಾಬ್ ಎಂಬ ಔಷಧವೂ ಸ್ಟೆರಾಯ್ಡೂ ಸೇರಿದ್ದವು. ಗಂಟುಗಳು ಕರಗಿದವು. ಮನೆಯವರು ದೇವರಿಗೆ ಕಾಯಿ ಒಡೆದರು, ಅವನು ಹಗುರ ಕೆಲಸಕ್ಕೆ ಮರಳಿದ. ಮೂರು ತಿಂಗಳಾದ ಮೇಲೆ ಊಟ ಸೇರದಾಯಿತು, ಮೈ ಭಾರವಾಯಿತು, ಮೂತ್ರ ಕಡುಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು. ‘ಹೋಟೆಲಿನ ನೀರು ಕುಡಿದಿರಬೇಕು’ ಎಂದರು ಜೊತೆಯವರು. ‘ಊರಿಗೆ ಬಾ, ಔಷಧ ಕುಡಿಸೋಣ’ ಎಂದಳು ತಾಯಿ. ಊರಿಗೆ ಹೋದ, ಎರಡು ವಾರ ಹಾಗೇ ಕಳೆದವು. ಮೂರನೆಯ ವಾರ ಮಾತು ತೊದಲಿ, ಮಂಪರು ಕವಿದಾಗ ಆಸ್ಪತ್ರೆಗೆ ಸೇರಿಸಿದರು.

ಇಲ್ಲಿ ನಡೆದದ್ದೇನು? ಔಷಧಗಳು ಕ್ಯಾನ್ಸರನ್ನು ಕೊಂದವು. ಅದರೊಡನೆ ಕಾವಲುಗಾರನಿಗೂ ನಿದ್ರೆ ಬರಿಸಿದವು. ಆ ತಿಂಗಳುಗಳಲ್ಲಿ ರ‍್ಯಾಕಿನ ಡೈ ಪ್ರೆಸ್ಸಿಗೆ ಏರಿತು. ಸದ್ದಿಲ್ಲದೆ ವೈರಸ್ ಕೋಟಿಗಟ್ಟಲೆ ಬೆಳೆಯಿತು. ಆಗ ಅವನಿಗೆ ಏನೂ ಅನ್ನಿಸಲಿಲ್ಲ, ಏಕೆಂದರೆ ಬೆಂಕಿಯಿಡುವವನು ಮಲಗಿದ್ದ. ಚಿಕಿತ್ಸೆ ಮುಗಿದು ಕಾವಲುಗಾರ ಎಚ್ಚೆತ್ತ ದಿನ ಅನಾಹುತ ಆರಂಭವಾಯಿತು. ಇದಕ್ಕಾಗಿಯೇ ಈ ಹೊಡೆತ ಅನೇಕ ವೇಳೆ ಚಿಕಿತ್ಸೆಯ ನಡುವಿನಲ್ಲಲ್ಲ, ಅದು ಮುಗಿದು ಎಲ್ಲರೂ ನಿಶ್ಚಿಂತರಾದ ಮೇಲೆ ಬೀಳುವುದು. ರಿಟಕ್ಸಿಮ್ಯಾಬ್ ಪಡೆದವರಲ್ಲಿ ಕೊನೆಯ ಸೂಜಿಯಾಗಿ ವರ್ಷ ಕಳೆದ ಮೇಲೂ ಬಂದದ್ದುಂಟು.

ನಮ್ಮ ಲೇತ್ ಕೆಲಸಗಾರ ಕಲ್ಪಿತ, ಆದರೆ ಸಂಗತಿ ಕಲ್ಪಿತವಲ್ಲ. ಕ್ಯಾನ್ಸರ್ ಚಿಕಿತ್ಸೆಯಿಂದ ಈ ವೈರಸ್ ಮರಳಿ ಏಳುವುದನ್ನು ಅಮೆರಿಕದ ವೈದ್ಯರು 1975ರಲ್ಲೇ ವರದಿಮಾಡಿದ್ದರು. 1991ರಲ್ಲಿ ಹಾಂಗ್‌ಕಾಂಗಿನ ವೈದ್ಯರು ಲಿಂಫೋಮಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 100 ಮಂದಿಯನ್ನು ಗಮನಿಸಿ ಪ್ರಕಟಿಸಿದ ಅಭ್ಯಾಸದಲ್ಲಿ 27 ಮಂದಿ ವೈರಸ್ ಹೊತ್ತವರಿದ್ದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಅದು ಎಚ್ಚೆತ್ತಿತು. ಅಲ್ಲಿಯವರೇ 2003ರಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು. ವೈರಸ್ ಹೊತ್ತಿದ್ದ 30 ರೋಗಿಗಳಲ್ಲಿ 15 ಮಂದಿಗೆ ಕೀಮೋಗೆ ಮುಂಚೆಯೇ ಲಾಮಿವುಡಿನ್ ಎಂಬ ಮಾತ್ರೆ ಕೊಟ್ಟರು. ಉಳಿದ 15 ಮಂದಿಗೆ ವೈರಸ್ ಎದ್ದಮೇಲೆ ಕೊಡೋಣವೆಂದು ಕಾದರು. ಮುಂಚೆಯೇ ಕೊಟ್ಟವರಲ್ಲಿ ಒಬ್ಬರಿಗೂ ವೈರಸ್ ಏಳಲಿಲ್ಲ. ಕಾದವರಲ್ಲಿ 8 ಮಂದಿಗೆ ಎದ್ದಿತು. ಈ ಚಿಕ್ಕ ಲೆಕ್ಕವೇ ಇಡೀ ಪಾಠದ ತಿರುಳು. ಕಣ್ಣು ಹಳದಿಯಾದ ಮೇಲೆ ಕೊಡುವ ಮಾತ್ರೆ ವೈರಸನ್ನು ತಡೆದೀತು, ಆಗಲೇ ಹೊತ್ತಿಕೊಂಡ ಬೆಂಕಿಯನ್ನು ತಡೆಯುವುದು ಕಷ್ಟ.

ಯಾವ ಔಷಧಗಳ ವಿಷಯದಲ್ಲಿ ಎಚ್ಚರಬೇಕು? ಕೀಮೋ ಔಷಧಗಳು, ಎಲ್ಲಕ್ಕಿಂತ ಹೆಚ್ಚಾಗಿ ರಿಟಕ್ಸಿಮ್ಯಾಬ್ ಮತ್ತು ಅದರ ಬಳಗ. ಇವುಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2013ರಲ್ಲಿ ಅತ್ಯಂತ ಕಟ್ಟುನಿಟ್ಟಾದ ಎಚ್ಚರಿಕೆಯನ್ನು ಮುದ್ರಿಸಹೇಳಿತು. ಮೂತ್ರಪಿಂಡ ಮುಂತಾದ ಅಂಗಗಳನ್ನು ಕಸಿಮಾಡಿದವರು ತೆಗೆದುಕೊಳ್ಳುವ ಔಷಧಗಳು. ಕೀಲುವಾತಕ್ಕೂ ಕರುಳಿನ ಉರಿಯೂತಕ್ಕೂ ಕೊಡುವ ಕೆಲವು ದುಬಾರಿ ಸೂಜಿಮದ್ದುಗಳು. ಹೆಪಟೈಟಿಸ್ ಸಿಗೆ ಕೊಡುವ ಹೊಸ ಮಾತ್ರೆಗಳು ನಿರೋಧಕ ಶಕ್ತಿಯನ್ನು ಕುಗ್ಗಿಸುವಂಥವಲ್ಲ. ಆದರೂ ‘ಸಿ’ ಹೋದಮೇಲೆ ಅದರ ನೆರಳಲ್ಲಿ ಅಡಗಿದ್ದ ‘ಬಿ’ ಏಳಬಹುದೆಂದು 2016ರಲ್ಲಿ ಅದೇ ಇಲಾಖೆ ಎಚ್ಚರಿಸಿತು. ಎಚ್‌ಐವಿ ಇದ್ದವರಲ್ಲಿ ಔಷಧವಿಲ್ಲದೆಯೂ ಏಳಬಹುದು. ಯಾವ ಕಾರಣವೂ ಕಾಣದೆ ತಾನಾಗಿಯೇ ಏಳುವುದೂ ಉಂಟು. ವೈರಸ್ ರಕ್ತದಲ್ಲಿ ಇರುವವರು ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕೆನ್ನುವುದು ಅದಕ್ಕೇ.

ಇನ್ನು ಸ್ಟೆರಾಯ್ಡ್. ಇದರ ಮೇಲೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕ್ಯಾನ್ಸರ್ ಔಷಧವನ್ನು ಯಾರೂ ತಾವಾಗಿ ಕೊಂಡು ನುಂಗುವುದಿಲ್ಲ, ಸ್ಟೆರಾಯ್ಡನ್ನು ನುಂಗುತ್ತಾರೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಇವು ಅದರ ಬಗೆಗಳು. ವೈದ್ಯರ ಕೈಯಲ್ಲಿ ಇವು ಪ್ರಾಣ ಉಳಿಸುವ ಔಷಧಗಳೇ ಹೌದು. ಆದರೆ ಮೈಕೈ ನೋವಿಗೆ, ಮಂಡಿನೋವಿಗೆ, ದಮ್ಮಿಗೆ, ಚರ್ಮದ ಕಡಿತಕ್ಕೆ ಅಂಗಡಿಯವನು ಪೊಟ್ಟಣ ಕಟ್ಟಿಕೊಡುವ ಮೂರು ಬಣ್ಣದ ಗುಳಿಗೆಗಳಲ್ಲಿ ಒಂದು ಎಷ್ಟೋ ವೇಳೆ ಇದೇ ಆಗಿರುತ್ತದೆ. ಹೆಸರು ಬರೆಯದ ಡಬ್ಬಿಯಲ್ಲಿ ಬರುವ ‘ವಾತದ ಪುಡಿ’ಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಸಿಕ್ಕಿಬಿದ್ದದ್ದೂ ಇದೆ. ತಿಂದ ಮರುದಿನವೇ ಹತ್ತು ವರ್ಷ ಕಿರಿಯನಾದಂತೆ ಅನ್ನಿಸಿದರೆ ಆ ಪುಡಿಯ ಮೇಲೆ ಸಂಶಯಪಡುವುದು ಮೇಲು. ರಕ್ತದಲ್ಲಿ ವೈರಸ್ ಇರುವವರು ದಿನಕ್ಕೆ 20 ಮಿಲಿಗ್ರಾಮ್ ಅಥವಾ ಹೆಚ್ಚು ಪ್ರೆಡ್ನಿಸೊಲೋನನ್ನು ನಾಲ್ಕು ವಾರ ಮೀರಿ ತೆಗೆದುಕೊಂಡರೆ ಅಪಾಯ ದೊಡ್ಡದು. ದಮ್ಮಿನವರು ಬಾಯಿಂದ ಸೇದುವ ಪಂಪಿನ ಸ್ಟೆರಾಯ್ಡ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಇದನ್ನೋದಿ ಯಾರೂ ಪಂಪನ್ನು ಮೂಲೆಗೆಸೆಯಬಾರದು. ಬಹುಕಾಲದಿಂದ ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದವರೂ ಅದನ್ನು ಥಟ್ಟನೆ ಬಿಡುವಂತಿಲ್ಲ, ಬಿಟ್ಟರೆ ಬೇರೆಯೇ ಆಪತ್ತು ಬರುತ್ತದೆ. ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಇಳಿಸಬೇಕು.

ಎರಡು ಪರೀಕ್ಷೆ

ಮೊದಲನೆಯದರ ಹೆಸರು ಎಚ್‌ಬಿಎಸ್‌ಎಜಿ. ಬ್ಲಂಬರ್ಗರು ಕಂಡ ಆ ಹೊರ ಅಂಗಿಯ ಚೂರನ್ನು ಹುಡುಕುವ ಪರೀಕ್ಷೆ ಇದು. ಇದು ಪಾಸಿಟಿವ್ ಬಂದರೆ ವೈರಸ್ ಈಗ ಮೈಯಲ್ಲಿ ಕೆಲಸಮಾಡುತ್ತಿದೆಯೆಂದು ಅರ್ಥ. ಎರಡನೆಯದು ಆ್ಯಂಟಿ-ಎಚ್‌ಬಿಸಿ, ಇದು ಪಾಸಿಟಿವ್ ಬಂದರೆ ಎಂದೋ ಒಮ್ಮೆ ವೈರಸ್ ಬಂದಿತ್ತು, ಡೈ ಉಳಿದಿರಬಹುದು ಎಂದು ಅರ್ಥ. ಕಾರ್ಖಾನೆಯ ರಕ್ತದಾನ ಶಿಬಿರದಲ್ಲಿಯೂ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಸಾಮಾನ್ಯವಾಗಿ ನೋಡುವುದು ಮೊದಲನೆಯದನ್ನು ಮಾತ್ರ. ಅದು ನೆಗೆಟಿವ್ ಬಂದಿತೆಂದು ಹಳೆಯ ಲೆಕ್ಕ ಚುಕ್ತಾ ಆಗಲಿಲ್ಲ. ನಿರೋಧಕ ಶಕ್ತಿಯನ್ನು ಕುಗ್ಗಿಸುವ ಚಿಕಿತ್ಸೆಗೆ ಮುಂಚೆ ಎರಡೂ ಬೇಕು. ಇವುಗಳಲ್ಲಿ ಒಂದಾದರೂ ಪಾಸಿಟಿವ್ ಇದ್ದರೆ ವೈರಸ್‌ನ ಪ್ರಮಾಣವನ್ನು ಅಳೆಯುವ ಇನ್ನೊಂದು ಪರೀಕ್ಷೆ ಮಾಡಿಸಿ, ಮಾತ್ರೆ ಬೇಕೇ ಅಥವಾ ಮೇಲಿಂದ ಮೇಲೆ ರಕ್ತ ನೋಡುತ್ತಿದ್ದರೆ ಸಾಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಎಸ್‌ಜಿಪಿಟಿ ಎಂಬ ಯಕೃತ್ತಿನ ಪರೀಕ್ಷೆಯೊಂದನ್ನೇ ನಂಬಿ ಕೂರುವಂತಿಲ್ಲ. ಬೆಂಕಿ ಹೊತ್ತಿದ ಮೇಲೆ ಏರುವ ಅಂಕಿ ಅದು, ಹೊತ್ತುವ ಮೊದಲು ಸರಿಯಾಗಿಯೇ ಇರುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಇವನ್ನು ತಾವಾಗಿಯೇ ಮಾಡಿಸುತ್ತಾರೆ. ಆದರೆ ನಾವು ಒಂದೇ ಆಸ್ಪತ್ರೆಯ ರೋಗಿಗಳಲ್ಲ. ಬೇಸಗೆಯಲ್ಲಿ ಊರಿನ ಡಾಕ್ಟರ್, ಮಳೆಗಾಲದಲ್ಲಿ ಇಲ್ಲಿಯ ಡಾಕ್ಟರ್, ನಡುವೆ ಸೊಲ್ಲಾಪುರದಲ್ಲಿ ಮಾವನ ಮನೆಯವರು ತೋರಿಸಿದ ಇನ್ನೊಬ್ಬರು. ಫೈಲು ಒಂದೊಂದು ಕಡೆ ಒಂದೊಂದು. ಹೀಗಾಗಿ ಕೇಳುವ ಹೊಣೆ ನಮ್ಮ ಮೇಲೂ ಇದೆ. “ಈ ಔಷಧ ಶುರುಮಾಡುವ ಮುಂಚೆ ಹೆಪಟೈಟಿಸ್ ಬಿಯ ಎರಡೂ ಪರೀಕ್ಷೆ ಆಗಿದೆಯೇ ಸರ್?” ಎಂದು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಸಿಟ್ಟಾಗುವುದಿಲ್ಲ. ಹಿಂದೆ ಕಾಮಾಲೆಯಾದದ್ದು, ರಕ್ತ ಹಾಕಿಸಿಕೊಂಡದ್ದು, ರಕ್ತದಾನಕ್ಕೆ ಹೋದಾಗ ಬೇಡವೆಂದು ಹೇಳಿಕಳಿಸಿದ್ದು, ತಾಯಿಗಾಗಲಿ ಅಣ್ಣತಮ್ಮಂದಿರಿಗಾಗಲಿ ಯಕೃತ್ತಿನ ರೋಗವಿದ್ದದ್ದು, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ರಕ್ತನಿಧಿಯಿಂದ ಬಂದ ಕಾಗದವನ್ನು ಟ್ರಂಕಿನಡಿ ಬಚ್ಚಿಟ್ಟರೆ ವೈರಸ್ ಬಚ್ಚಿಟ್ಟುಕೊಳ್ಳುವುದಿಲ್ಲ.

ಆ ಲೇತ್ ಕೆಲಸಗಾರನ ಕಥೆಯನ್ನೇ ಮೊದಲಿಂದ ಇನ್ನೊಮ್ಮೆ ನಡೆಸೋಣ. ಕೀಮೋಗೆ ಮುಂಚೆ ಎರಡು ಪರೀಕ್ಷೆಯಾಯಿತು, ಪಾಸಿಟಿವ್ ಬಂದಿತು. ಅದರಿಂದ ಕ್ಯಾನ್ಸರ್ ಚಿಕಿತ್ಸೆ ನಿಲ್ಲುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅದರ ಜೊತೆಗೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಎಂಬ ಮಾತ್ರೆ ದಿನಕ್ಕೊಂದು ಆರಂಭವಾಗುತ್ತದೆ. ಲಾಮಿವುಡಿನ್‌ಗೆ ವೈರಸ್ ಬೇಗ ಒಗ್ಗಿಹೋಗುವುದರಿಂದ ಈಗ ಈ ಎರಡನ್ನೇ ಮೇಲೆಂದು ಆರಿಸುತ್ತಾರೆ. ಕೀಮೋ ಮುಗಿದ ಮೇಲೂ ಕಡೆಯ ಪಕ್ಷ ಆರು ತಿಂಗಳು, ರಿಟಕ್ಸಿಮ್ಯಾಬ್ ಪಡೆದಿದ್ದರೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಮಾತ್ರೆ ನಡೆಯುತ್ತದೆ. ಅದನ್ನು ನಿಲ್ಲಿಸಿದ ಮೇಲೂ ಕೆಲವು ತಿಂಗಳು ರಕ್ತ ನೋಡುತ್ತಾರೆ. ಗಂಟುಗಳು ಹೇಗೂ ಕರಗಿದವು. ಮೂರನೆಯ ತಿಂಗಳಲ್ಲಿ ಕಣ್ಣು ಹಳದಿಯಾಗಲಿಲ್ಲ.

ಮಾತ್ರೆ, ಸೊಪ್ಪು ಮತ್ತು ಊರಿನ ಬಸ್ಸು

ನೆಲನೆಲ್ಲಿಯ ಮಾತನ್ನು ಎತ್ತದೆ ಹೋದರೆ ವಾಚಕರು ನಮ್ಮನ್ನು ಬಿಡಲಾರರು. 1988ರಲ್ಲಿ ಮದರಾಸಿನ ವೈದ್ಯರು, ಬ್ಲಂಬರ್ಗರನ್ನೇ ಜೊತೆಗೂಡಿಸಿಕೊಂಡು, ನೆಲನೆಲ್ಲಿಯ ಪುಡಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್‌ನ ಗುರುತು ಮಾಯವಾಯಿತೆಂದು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ನಮ್ಮ ಹೊಲದ ಬದುವಿನ ಗಿಡಕ್ಕೆ ಅಂಥ ಮರ್ಯಾದೆ ಸಿಕ್ಕಿದ್ದಕ್ಕೆ ಎಲ್ಲರಿಗೂ ಸಂತೋಷವಾಯಿತು. ಆದರೆ ಥಾಯ್ಲೆಂಡಿನಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ಮರುಪರೀಕ್ಷೆ ಮಾಡಿದಾಗ ಆ ಫಲ ಮತ್ತೆ ಕಾಣಲಿಲ್ಲ. ಗಿಡವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ; ಕೀಮೋ ನಡೆಯುವಾಗ ಅದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಅದು ಕಾವಲಾಗದು ಎಂದಷ್ಟೇ ಹೇಳುತ್ತೇವೆ.

ಮಾತ್ರೆ ಬಿಡುವ ವಿಚಾರ ನಮ್ಮಂಥ ವಲಸೆಗಾರರಿಗೆ ಬೇರೆಯವರಿಗಿಂತ ಹೆಚ್ಚು ಸಂಬಂಧಿಸಿದ್ದು. ಪ್ರೆಸ್ಸನ್ನು ನಿಲ್ಲಿಸಿ ಹಿಡಿದಿರುವ ಕೈಯೇ ಆ ಮಾತ್ರೆ. ಕೈ ತೆಗೆದರೆ ಪ್ರೆಸ್ ಓಡುತ್ತದೆ. ಥಟ್ಟನೆ ಬಿಟ್ಟವರಲ್ಲಿ ಭಾರಿ ಕಾಮಾಲೆ ಎದ್ದು ಸತ್ತವರೂ ಇದ್ದಾರೆ. ಸುಗ್ಗಿಗೆಂದೋ ಜಾತ್ರೆಗೆಂದೋ ಎಂಟು ದಿನಕ್ಕೆ ಹೋದವರು ತಿಂಗಳು ನಿಲ್ಲುವುದು ನಮಗೆಲ್ಲ ಗೊತ್ತಿರುವ ಸಂಗತಿ. ಚೀಲದಲ್ಲಿ ಎಂಟು ದಿನದ ಮಾತ್ರೆ ಇದ್ದರೆ ಸಾಲದು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವೆಂಬುದು 2018ರ ಜುಲೈ 28ರಂದು ಆರಂಭವಾಗಿದೆ. ಗೊತ್ತುಪಡಿಸಿದ ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯನ್ನೂ ಮಾತ್ರೆಯನ್ನೂ ಪುಕ್ಕಟೆಯಾಗಿ ಕೊಡುವುದು ಅದರ ನಿಯಮ. ಅದು ಇಡೀ ದೇಶದ್ದಾದ್ದರಿಂದ ಮಹಾರಾಷ್ಟ್ರದಲ್ಲಿಯೂ ಉಂಟು, ಕರ್ನಾಟಕದಲ್ಲಿಯೂ ಉಂಟು. ಇಲ್ಲಿದ್ದಾಗ ಸಂತ ತುಕಾರಾಮ ನಗರದ ಯಶವಂತರಾವ್ ಚವ್ಹಾಣ ಆಸ್ಪತ್ರೆಯಲ್ಲಾಗಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಾಗಲಿ, ಊರಲ್ಲಿದ್ದಾಗ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ವಿಚಾರಿಸಬಹುದು. ಕಾರ್ಖಾನೆಯಲ್ಲಿ ಇಎಸ್‌ಐ ಕಡಿತವಾಗುತ್ತಿರುವವರು ಚಿಂಚವಾಡದ ಮೋಹನ ನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಕೇಳಬೇಕು. ರಿಪೋರ್ಟುಗಳ ಫೋಟೋ ತೆಗೆದು ಫೋನಿನಲ್ಲಿಯೂ, ಮನೆಯ ಇನ್ನೊಬ್ಬರ ಫೋನಿನಲ್ಲಿಯೂ ಇಟ್ಟರೆ ಫೈಲು ಬಸ್ಸಿನಲ್ಲಿ ಕಳೆದರೂ ಚಿಂತೆಯಿಲ್ಲ.

ಹಳದಿಯ ಜೊತೆಗೆ ಮಂಪರು, ಮಾತು ತಪ್ಪುವುದು, ಒಸಡಿನಿಂದಲೋ ಮೂಗಿನಿಂದಲೋ ರಕ್ತ, ಹೊಟ್ಟೆ ಉಬ್ಬುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಕ್ಷಯದ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಕಾಮಾಲೆ ಕಂಡರೆ ಅದು ಆ ಮಾತ್ರೆಗಳಿಂದಲೂ ಆಗಿರಬಹುದು, ಈ ವೈರಸ್‌ನಿಂದಲೂ ಆಗಿರಬಹುದು. ಎರಡೂ ಅಪಾಯವೇ, ಬಿಡಿಸಿ ಹೇಳುವುದು ವೈದ್ಯರ ಕೆಲಸ. ಮದ್ಯದ ವಿಷಯ ಹೇಳಬೇಕಾಗಿಲ್ಲ.

ಒಂದು ಕೋಣೆಯಲ್ಲಿ ಆರು ಮಂದಿ ಇರುವ ಬಂಧುಗಳು ಇದನ್ನೋದಿ ಒಬ್ಬನನ್ನು ಬೇರೆ ಕೂರಿಸಿದರೆ ನಾವು ಬರೆದದ್ದು ವ್ಯರ್ಥ. ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಪಕ್ಕದ ಮಶೀನಿನಲ್ಲಿ ನಿಂತರೆ, ಕೆಮ್ಮಿದರೆ ಇದು ಹರಡುವುದಿಲ್ಲ. ಹರಡುವುದು ರಕ್ತದ ಸೋಂಕಿನಿಂದ. ಆದ್ದರಿಂದ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ ಇವು ಮಾತ್ರ ಅವರವರದೇ ಆಗಿರಬೇಕು. ಒಣಗಿದ ರಕ್ತದಲ್ಲಿಯೂ ಈ ವೈರಸ್ ಏಳು ದಿನ ಬದುಕಬಲ್ಲುದು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಸಾಲಾಗಿ ಹಚ್ಚೆ ಹಾಕುವವರ ಬಳಿ ಕೈಯೊಡ್ಡುವುದು ಬೇಡ.

ಸೋಂಕು ತಗುಲದವರಿಗೆ ಲಸಿಕೆ ಇದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶದಲ್ಲೇ ಅದನ್ನು ತಯಾರಿಸಿದ ಮೇಲೆ ಬೆಲೆ ಬಹಳ ಇಳಿಯಿತು. 2011-12ರ ಹೊತ್ತಿಗೆ ಇಡೀ ದೇಶದ ಮಕ್ಕಳ ಲಸಿಕೆಯ ಪಟ್ಟಿಯಲ್ಲಿ ಅದು ಸೇರಿತು. ಅದಕ್ಕೆ ಮುಂಚೆ ಹುಟ್ಟಿದ ನಮ್ಮಂಥವರಲ್ಲಿ ಹೆಚ್ಚಿನವರು ಅದನ್ನು ಹಾಕಿಸಿಕೊಂಡವರಲ್ಲ. ಮನೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಮೂರು ಸೂಜಿ ಹಾಕಿಸಿಕೊಳ್ಳಬೇಕು: ಇಂದು ಒಂದು, ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಆಗಲೇ ವೈರಸ್ ಇರುವವರಿಗೆ ಈ ಲಸಿಕೆಯಿಂದ ಪ್ರಯೋಜನವಿಲ್ಲ. ಬಸುರಿಯರು ತಪ್ಪದೆ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಕು. ಕೂಸಿಗೆ ಮೊದಲ ಸೂಜಿ ಹುಟ್ಟಿದ 24 ಗಂಟೆಗಳೊಳಗೆ ಬೀಳಬೇಕು. ಹೆರಿಗೆಗೆ ತವರಿಗೆ ಕಳಿಸುವಾಗ ತಾಯಿಯ ರಿಪೋರ್ಟನ್ನೂ ಅವಳ ಚೀಲದಲ್ಲಿಡಲು ಮರೆಯಬಾರದು.